ಮೇಲ್ಮನೆಗೆ ಬಂದ ತಂಗಿ

ಜೂನ್ ೩, ಸೋಮವಾರ

ಇವತ್ತು ಅವಳ ಪ್ರಮಾಣವಚನ ಆಯಿತು.

ಈ ಮೇಲ್ಮನೆಯಲ್ಲಿ ನಾಲ್ಕು ವರ್ಷದಿಂದ ಎಷ್ಟೋ ಪ್ರಮಾಣವಚನ ನೋಡಿದ್ದೇನೆ. ಹೊಸಬರು ಎದ್ದು ಬರುತ್ತಾರೆ, ಕಾಗದ ಹಿಡಿದು ಓದುತ್ತಾರೆ, ಒಂದಿಬ್ಬರು ಮೇಜು ಕುಟ್ಟುತ್ತಾರೆ, ಉಳಿದವರು ಕನ್ನಡಕ ಒರೆಸಿಕೊಳ್ಳುತ್ತಾರೆ. ನನ್ನದೂ ಹಾಗೇ ಆಗಿತ್ತು. ನಾನು ಓದುವಾಗ ಮೈಕು ಗೊರಗುಟ್ಟುತ್ತಿದೆ ಎಂದು ಗುಮಾಸ್ತರೊಬ್ಬರು ಓಡಿಬಂದು ಅದನ್ನು ತಟ್ಟಿ ನೋಡಿದ್ದರು. ಮೈಕು ಸರಿಯಾಗಿಯೇ ಇತ್ತು. ಗೊರಗುಟ್ಟಿದ್ದು ನನ್ನ ಗಂಟಲು.

ಅವಳು ಬಾಯಿ ತೆರೆದದ್ದೇ ತಡ, ಗದ್ದ ಎದೆಗಿಟ್ಟು ತೂಕಡಿಸುತ್ತಿದ್ದ ಹಿರಿಯರೆಲ್ಲ ಕಣ್ಣು ಬಿಟ್ಟರು. ಸಭಾಪತಿಗಳು ನಕ್ಕರು. ಅವರಿಗೆ ನಗಲು ಬರುತ್ತದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಕೊನೆಗೆ ಎರಡೂ ಕಡೆಯವರು ಮೇಜು ಕುಟ್ಟಿದರು. ನಾನೂ ಕುಟ್ಟಿದೆ. ಟಿವಿ ಕ್ಯಾಮೆರಾ ನನ್ನ ಕಡೆ ತಿರುಗಿತ್ತು, ಕುಟ್ಟದೆ ಏನು ಮಾಡಲಿ.

ಇಪ್ಪತ್ತು ವರ್ಷದಿಂದ ಬೆಳಗಿನ ರೇಡಿಯೊದಲ್ಲಿ ಮಕ್ಕಳಿಗೆ ಕಥೆ ಹೇಳಿಕೊಂಡು ಬಂದವಳು. ಆ ಮಕ್ಕಳೆಲ್ಲ ಈಗ ಮೀಸೆ ಹೊತ್ತು ಓಟು ಹಾಕುತ್ತಾರೆ. ದೇಶಕ್ಕೆಲ್ಲ ಅವಳು ‘ರೇಡಿಯೊ ಅಕ್ಕ’. ನನಗೆ ತಂಗಿ, ಹತ್ತು ವರ್ಷಕ್ಕೆ ಚಿಕ್ಕವಳು. ಅವಳನ್ನು ಹೊತ್ತು ಹೊತ್ತು ನನ್ನ ಸೊಂಟ ಇವತ್ತಿಗೂ ಒಂದು ಕಡೆ ವಾಲಿದೆ.

ಮನೆಗೆಲಸದ ಹೆಂಗಸರ ಸಂಘ ಕಟ್ಟಿ, ಬೀದಿ ಬೀದಿ ಕೂಗಿ, ಪಕ್ಷದ ಕಚೇರಿಯ ಮೆಟ್ಟಿಲ ಮೇಲೆ ಕಾದು ಕಾದು ನಾನು ಈ ಮನೆಯ ಬಾಗಿಲಿಗೆ ಬರುವ ಹೊತ್ತಿಗೆ ತಲೆ ಬೆಳ್ಳಗಾಗಿತ್ತು. ಅವಳಿಗೆ ರಾಷ್ಟ್ರಾಧ್ಯಕ್ಷರ ಕಚೇರಿಯಿಂದ ಒಂದು ಫೋನ್ ಬಂತು. ಕಲಾವಿದರ ಕೋಟಾದಲ್ಲಿ ನಾಮನಿರ್ದೇಶನ. ಪಕ್ಷವಿಲ್ಲ, ಚುನಾವಣೆಯಿಲ್ಲ, ಯಾರ ಹಂಗೂ ಇಲ್ಲ.

ಮನೆಗೆ ಬಂದರೆ ಅಮ್ಮ ಟಿವಿ ಎದುರು ಕೂತಿದ್ದಳು. ನಾಲ್ಕು ವರ್ಷದಲ್ಲಿ ಒಂದು ದಿನವೂ ಅವಳು ಮೇಲ್ಮನೆಯ ಕಲಾಪ ಹಾಕಿದ್ದನ್ನು ನಾನು ಕಂಡಿಲ್ಲ. “ಅದ್ರಲ್ಲಿ ಏನಿರುತ್ತೆ, ಎಲ್ಲಾ ಆಕಳಿಸೋರು” ಅನ್ನುತ್ತಿದ್ದಳು.

“ಚಿಕ್ಕವಳು ಎಷ್ಟು ಚೆನ್ನಾಗಿ ಓದಿದ್ಲು ನೋಡಿದ್ಯಾ?” ಅಂದಳು.

“ಅಲ್ಲೇ ಇದ್ನಲ್ಲಮ್ಮಾ.”

“ಹೌದಾ? ನೀನು ಕಾಣಿಸ್ಲೇ ಇಲ್ಲ.”

ಜೂನ್ ೪, ಮಂಗಳವಾರ

ಅವಳಿಗೆ ಜಾಗ ಕೊಟ್ಟಿರುವುದು ಸರಿಯಾಗಿ ನನ್ನ ಮುಂದಿನ ಸಾಲಿನಲ್ಲಿ. ಇನ್ನು ದಿನವಿಡೀ ನಾನು ಅವಳ ಜಡೆ ನೋಡಿಕೊಂಡು ಕೂರಬೇಕು. ಹೋಗುವವರು ಬರುವವರು ಅವಳ ಮೇಜಿನ ಹತ್ತಿರ ಒಂದು ಗಳಿಗೆ ನಿಲ್ಲುತ್ತಾರೆ. ಸದನದಲ್ಲಿ ನೀರು ತಂದುಕೊಡುವವನು ಅವಳಿಗೆ ಬಿಸಿನೀರು ತಂದಿಟ್ಟ. ಗಂಟಲಿಗೆ ಒಳ್ಳೆಯದಂತೆ. ನಾನು ಅವನನ್ನು ಬಿಸಿನೀರು ಕೇಳಿ ಎಷ್ಟು ಸಲ ತಣ್ಣೀರು ಕುಡಿದಿದ್ದೇನೋ.

ಚಹಾದ ಕೋಣೆಯಲ್ಲಿ ಎದುರು ಪಕ್ಷದ ವಕೀಲರು ಸಿಕ್ಕರು. ಮೂವತ್ತು ವರ್ಷ ಕೋರ್ಟಿನಲ್ಲಿ ವಾದಿಸಿ ಬಂದವರು, ಇಲ್ಲಿ ಅವರು ಎದ್ದು ನಿಂತರೆ ಮಂತ್ರಿಗಳೇ ಕಾಗದ ಹುಡುಕುತ್ತಾರೆ. “ನೀವು ಅಕ್ಕನ ಅಕ್ಕನಂತೆ” ಅಂದರು. ಸುತ್ತ ಇದ್ದವರೆಲ್ಲ ನಕ್ಕರು. ಸಂಜೆಯ ಹೊತ್ತಿಗೆ ಮೊಗಸಾಲೆಯಲ್ಲೆಲ್ಲ ಅದೇ ನನ್ನ ಹೆಸರಾಗಿತ್ತು.

ಜೂನ್ ೭, ಶುಕ್ರವಾರ

ಸದನದಲ್ಲಿ ನಮ್ಮ ಪಕ್ಷದ ನಾಯಕರು ತಮ್ಮ ಕೋಣೆಗೆ ಕರೆಸಿದರು. ಮಾತಾಡುವಾಗ ಎದುರಿನವರ ಮುಖಕ್ಕಿಂತ ತಮ್ಮ ಮಣಿಕಟ್ಟು ನೋಡುವುದೇ ಹೆಚ್ಚು. ಅವರಿಲ್ಲದಾಗ ನಾವೆಲ್ಲ ಅವರಿಗೆ ‘ಗಡಿಯಾರ’ ಅನ್ನುತ್ತೇವೆ.

ವಿಷಯ ಮನೆಗೆಲಸದವರ ಮಸೂದೆ. ನನ್ನ ಮಸೂದೆ. ವಾರಕ್ಕೊಂದು ರಜೆ, ಕಾಯಿಲೆ ಬಿದ್ದರೆ ಕೆಲಸದಿಂದ ತೆಗೆಯುವ ಹಾಗಿಲ್ಲ, ಮನೆಯಲ್ಲೇ ಉಳಿಯುವವರಿಗೆ ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಒಂದು ಕೋಣೆ. ಅದರ ಪರಿಶೀಲನಾ ಸಮಿತಿಗೆ ಒಂದೂವರೆ ವರ್ಷ ನಾನೇ ಅಧ್ಯಕ್ಷೆ. ಒಂದೊಂದು ಕಲಮಿಗೂ ವಕೀಲರ ಜೊತೆ ಗುದ್ದಾಡಿದ್ದೇನೆ. ಕೆಳಮನೆಯಲ್ಲಿ ನಮ್ಮವರೇ ಹೆಚ್ಚು, ಅಲ್ಲಿ ಚಿಂತೆಯಿಲ್ಲ. ಇಲ್ಲಿ ದಾಟಬೇಕು. ಈ ಅಧಿವೇಶನದಲ್ಲಿ ದಾಟದಿದ್ದರೆ ಚುನಾವಣೆ ಬರುತ್ತದೆ, ಮಸೂದೆ ಸತ್ತಂತೆ.

“ಮಸೂದೆ ನಿಮ್ದೇ ಅಮ್ಮಾ, ಯಾರು ಇಲ್ಲ ಅಂದ್ರು?” ಅಂದರು ಗಡಿಯಾರ. “ಮಂಡಿಸೋದನ್ನ ಮಾತ್ರ ನಿಮ್ಮ ತಂಗಿ ಕೈಲಿ ಮಾಡ್ಸೋಣ. ಆಕೆ ಯಾವ ಪಕ್ಷಕ್ಕೂ ಸೇರಿಲ್ಲ. ಯಾವ ಕಡೆಗೂ ವಾಲದ ನಡು ಸಾಲಿನವರು ಆಕೆ ಮಾತು ಕೇಳ್ತಾರೆ.”

“ನನ್ನ ಮಾತು ಕೇಳಲ್ವಾ?”

ಅವರು ಮಣಿಕಟ್ಟು ನೋಡಿಕೊಂಡರು. “ನೀವು ಮಾತಾಡಿದ್ರೆ ಯಾರೋ ಬಾಗಿಲಿಗೆ ಜಗಳಕ್ಕೆ ಬಂದ ಹಾಗಿರುತ್ತೆ. ತಪ್ಪು ತಿಳ್ಕೋಬೇಡಿ.”

ತಪ್ಪು ಏನು ತಿಳಿದುಕೊಳ್ಳಲಿ. ಒಪ್ಪಿದೆ ಅಂದೆ. ಮಸೂದೆ ಪಾಸಾದರೆ ಸಾಕು, ಯಾರ ಬಾಯಿಂದ ಬಂದರೇನು ಅಂತಲೂ ಅಂದೆ. ಆ ಮಾತನ್ನು ಎಷ್ಟು ಚೆನ್ನಾಗಿ ಹೇಳಿದೆ ಎಂದರೆ ಹೊರಗೆ ಬಂದಮೇಲೆ ನನಗೇ ಅಸಹ್ಯವಾಯಿತು.

ಜೂನ್ ೧೧, ಮಂಗಳವಾರ

ರೇಡಿಯೊ ಮಹಾರಾಣಿ ಊಟಕ್ಕೆ ಬಂದಿದ್ದಳು. ಬರುವಾಗ ಮಸೂದೆಯ ಪ್ರತಿ ಹಿಡಿದುಕೊಂಡೇ ಬಂದಿದ್ದಳು. ಅಂಚಿನಲ್ಲೆಲ್ಲ ಪೆನ್ಸಿಲಿನಲ್ಲಿ ಗೀಚಿದ್ದಾಳೆ: ಇಲ್ಲಿ ಉಸಿರು ತೆಗೆದುಕೊಳ್ಳಬೇಕು, ಇಲ್ಲಿ ನಿಲ್ಲಿಸಬೇಕು. ನನ್ನ ಕಲಮುಗಳಿಗೆ ಇವಳ ಉಸಿರು.

ಅಮ್ಮ ಅವಳ ತಟ್ಟೆಗೇ ಬಡಿಸುತ್ತಿದ್ದಳು. ಮೊದಲಿನಿಂದಲೂ ಹೀಗೇ. ಚಿಕ್ಕವಳಿಗೆ ಹಸಿವು ಜಾಸ್ತಿ, ದೊಡ್ಡವಳು ತಾನೇ ಬಡಿಸಿಕೊಳ್ಳುತ್ತಾಳೆ.

“ಅಕ್ಕಾ, ಈ ತಪಾಸಣೆ ವಿಷಯ,” ಅಂದಳು ಊಟದ ನಡುವೆ. “ಇನ್ಸ್‌ಪೆಕ್ಟರು ಮನೆಯೊಳಗೆ ಬರ್ತಾರಾ ಅಂತ ಯಾರಾದ್ರೂ ಕೇಳಿದ್ರೆ?”

ಉತ್ತರ ನನ್ನ ನಾಲಗೆಯ ತುದಿಯಲ್ಲಿತ್ತು. ಬರುವುದಿಲ್ಲ. ಮೊದಲಿನ ಕರಡಿನಲ್ಲಿ ಬರಬಹುದು ಎಂದಿತ್ತು, ವಕೀಲರೇ ಸಮಿತಿಯಲ್ಲಿ ಹಟ ಹಿಡಿದು ಅದನ್ನು ತೆಗೆಸಿದರು. ಈಗ ದೂರು ಕೊಟ್ಟವರೂ ಮನೆಯವರೂ ಕಾರ್ಮಿಕ ಕಚೇರಿಗೆ ಹೋಗಬೇಕು, ವಿಚಾರಣೆ ಅಲ್ಲೇ. ವಕೀಲರು ಅದನ್ನೇ ಸದನದಲ್ಲಿ ಎತ್ತುತ್ತಾರೆ ಎಂಬುದೂ ನನಗೆ ಗೊತ್ತಿತ್ತು. ಹೊಸಬರನ್ನು ಅವರು ಕೆಡವುವುದೇ ಹಾಗೆ, ಉತ್ತರ ತಮ್ಮ ಜೇಬಿನಲ್ಲೇ ಇಟ್ಟುಕೊಂಡು ಪ್ರಶ್ನೆ ಕೇಳುತ್ತಾರೆ.

“ಅದೆಲ್ಲ ಸಮಿತಿಯಲ್ಲೇ ಮುಗಿದಿದೆ ಕಣೇ. ತಲೆ ಕೆಡಿಸ್ಕೋಬೇಡ” ಅಂದೆ.

ಸುಳ್ಳಲ್ಲ. ಸಮಿತಿಯಲ್ಲೇ ಮುಗಿದಿತ್ತು.

ಅವಳು ಪುಟ ಮಗುಚಿದಳು. ಅಮ್ಮ ಇನ್ನೊಂದು ಸೌಟು ಹಾಕಿದಳು, ಅವಳಿಗೆ.

ಜೂನ್ ೧೩, ಗುರುವಾರ

ಎಲ್ಲವನ್ನೂ ಬರೆದಿಡಬೇಕು ಅನ್ನಿಸುತ್ತಿದೆ.

ಗ್ಯಾಲರಿ ತುಂಬಿತ್ತು. ಸಂಘದ ಹೆಂಗಸರು ಕೆಲಸಕ್ಕೆ ಚಕ್ಕರ್ ಹೊಡೆದು ಬಂದಿದ್ದರು. ನಾಲ್ಕು ವರ್ಷದಲ್ಲಿ ನನ್ನ ಭಾಷಣಕ್ಕೆ ಅವರು ಬಂದದ್ದು ಒಂದೇ ಸಲ, ಆವತ್ತು ಹೊರಗೆ ಮಳೆ ಬರುತ್ತಿತ್ತು. ಅವಳು ಎದ್ದಳು. ಮಾತು ಬಿಸಿಹಾಲಿನ ಹಾಗೆ ಇಳಿಯುತ್ತದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಬೆಳಗ್ಗೆ ಐದಕ್ಕೆ ಎದ್ದು ಬೇರೆಯವರ ಮನೆಯ ಒಲೆ ಹಚ್ಚುವವಳ ಬಗ್ಗೆ ಹೇಳಿದಳು. ನಡು ಸಾಲಿನವರು ಮುಂದಕ್ಕೆ ಬಾಗಿ ಕೂತರು. ಅದರಲ್ಲಿ ಅರ್ಧ ಮಾತು ನಾನು ಕರಪತ್ರಗಳಲ್ಲಿ ಬರೆದದ್ದೇ. ಕರಪತ್ರ ಹಂಚಿದಾಗ ಇದೇ ಜನ ಅದನ್ನು ಮಡಚಿ ಬೀಸಣಿಗೆ ಮಾಡಿಕೊಂಡಿದ್ದರು.

ಆಮೇಲೆ ವಕೀಲರು ನಿಧಾನಕ್ಕೆ ಎದ್ದರು. ಕೋಟು ಎಳೆದು ಸರಿಮಾಡಿಕೊಂಡರು.

“ಸದಸ್ಯೆಯವರ ಧ್ವನಿ ನಮ್ಮ ಮನೆಯಲ್ಲಿ ಮೊಮ್ಮಕ್ಕಳಿಗೆಲ್ಲ ಪರಿಚಯ. ಒಂದು ಸಣ್ಣ ಸಂಶಯ. ನನ್ನ ಅಡುಗೆಮನೆಯಲ್ಲಿ ಏನು ನಡೀತಿದೆ ಅಂತ ನೋಡೋಕೆ ಸರ್ಕಾರದ ಇನ್ಸ್‌ಪೆಕ್ಟರು ನನ್ನ ಮನೆಯೊಳಗೆ ಬರ್ತಾರಾ?”

ಅವಳ ಜಡೆ ಅಲುಗಲಿಲ್ಲ. ಕೈ ಮಾತ್ರ ಪುಟ ಹುಡುಕಿತು. ಒಂದು ಕ್ಷಣ ಹಿಂದೆ ತಿರುಗಿ ನನ್ನನ್ನು ನೋಡಿದಳು. ನಾನು ಬಗ್ಗಿ ಚಪ್ಪಲಿಯ ಪಟ್ಟಿ ಸರಿಮಾಡಿಕೊಂಡೆ.

“ಅಗತ್ಯ ಬಿದ್ದರೆ ಬರಬೇಕಾಗಬಹುದು” ಅಂದಳು.

ಸದನ ಎದ್ದು ನಿಂತಿತು. “ಮಲಗೋ ಕೋಣೆಗೂ ಬರ್ತಾರಾ?” “ವಾರಂಟು ಬೇಡ್ವಾ?” ನಡು ಸಾಲಿನವರು ಬೆನ್ನು ಹಿಂದಕ್ಕೆ ಒರಗಿಸಿದರು. ಅವಳು ಏನೋ ಹೇಳುತ್ತಿದ್ದಳು, ಬಿಸಿಹಾಲು ಉಕ್ಕಿ ಒಲೆಯ ಮೇಲೆ ಚೆಲ್ಲಿದ ಹಾಗೆ, ಯಾರಿಗೂ ಕೇಳಿಸಲಿಲ್ಲ. ಗಲಾಟೆಯಲ್ಲಿ ಸ್ವಲ್ಪ ದನಿ ಏರಿಸಲೂ ಬರುವುದಿಲ್ಲ ಅವಳಿಗೆ. ಸ್ಟುಡಿಯೊದಲ್ಲಿ ಯಾರು ಗಲಾಟೆ ಮಾಡುತ್ತಾರೆ. ಸಭಾಪತಿಗಳು ಗಂಟೆ ಬಾರಿಸಿ ಮತದಾನವನ್ನು ೨೫ಕ್ಕೆ ಮುಂದೂಡಿದರು.

ಮನೆಗೆ ಬಂದು ಎರಡು ಸಲ ಬಡಿಸಿಕೊಂಡು ಊಟ ಮಾಡಿದೆ.

ಜೂನ್ ೧೪, ಶುಕ್ರವಾರ

ಪತ್ರಿಕೆ: ‘ನಿಮ್ಮ ಮನೆಯೊಳಗೆ ಇನ್ಸ್‌ಪೆಕ್ಟರ್: ರೇಡಿಯೊ ಅಕ್ಕನ ಹೊಸ ಕಥೆ’. ಓದಿದೆ. ಮತ್ತೊಮ್ಮೆ ಓದಿದೆ. ಅಮ್ಮ ಟಿವಿ ಹಾಕಲಿಲ್ಲ.

ಜೂನ್ ೧೭, ಸೋಮವಾರ

ಗಡಿಯಾರ ಮತ್ತೆ ಕರೆಸಿದರು. ಈ ಸಲ ಮಣಿಕಟ್ಟು ನೋಡಲಿಲ್ಲ, ಕಿಟಕಿ ನೋಡಿದರು. ನಡು ಸಾಲಿನವರು ಕೈ ಬಿಡುತ್ತಿದ್ದಾರಂತೆ. ಮನೆಯೊಳಗೆ ಕಾನೂನು ನುಗ್ಗುತ್ತದೆ ಎಂಬ ಹೆದರಿಕೆ ಅವರಿಗೆ ಕೂತುಬಿಟ್ಟಿದೆ. ಇನ್ಸ್‌ಪೆಕ್ಟರ್ ಬರುವುದಿಲ್ಲ ಎಂದು ಈಗ ಎಷ್ಟು ಹೇಳಿದರೂ ಕಿವಿಗೆ ಹೋಗುತ್ತಿಲ್ಲ.

“ಏನಾದ್ರೂ ಒಂದು ಬಿಟ್ಟುಕೊಡ್ಬೇಕು” ಅಂದರು. “ಆ ಚಿಲಕದ ಕಲಮಿದ್ಯಲ್ಲ, ಅದನ್ನ ತೆಗೆದ್ಬಿಡೋಣ. ಕೋಣೆ, ಬಾಗಿಲು, ಚಿಲಕ ಅಂದ ಕೂಡ್ಲೇ ಅವರಿಗೆ ತಮ್ಮ ಮನೆಯೇ ಕಣ್ಣಿಗೆ ಬರುತ್ತೆ. ವಕೀಲರು ತೆಗೆಯೋಕೆ ತಿದ್ದುಪಡಿ ಕೊಡ್ತಾರೆ, ನಾವು ಸುಮ್ನಿರೋಣ. ರಜೆ ಉಳಿಯುತ್ತೆ, ಕಾಯಿಲೆ ಕಲಮು ಉಳಿಯುತ್ತೆ. ಒಂದು ಚಿಲಕ ತಾನೇ.”

“ಆಗಲ್ಲ” ಅಂದೆ.

“ಯಾಕಾಗಲ್ಲ?”

“ಆಗಲ್ಲ ಅಂದ್ರೆ ಆಗಲ್ಲ.”

“ಇದೇ ನೋಡಿ, ಬಾಗಿಲಿಗೆ ಜಗಳಕ್ಕೆ ಬಂದ ಹಾಗೆ” ಅಂದರು, ಬೇಸರದಿಂದ.

ಅವಳು ಎಡವಿದ್ದಕ್ಕೆ ನನ್ನ ಕಲಮು ಹೋಗಬೇಕಂತೆ. ಇದು ಯಾವ ಲೆಕ್ಕ?

ಯಾವ ಲೆಕ್ಕ ಎಂಬುದು ನನಗೆ ಗೊತ್ತಿಲ್ಲದೆ ಇಲ್ಲ. ಅದನ್ನು ಇಲ್ಲಿ ಬರೆಯುವುದಿಲ್ಲ.

ಜೂನ್ ೧೮, ಮಂಗಳವಾರ

ಮೊಗಸಾಲೆಯ ಮೂಲೆಯಲ್ಲಿ, ಕೋಟು ತೂಗುಹಾಕುವ ಗೂಟಗಳ ಹತ್ತಿರ, ಅವಳು ನನ್ನನ್ನು ತಡೆದಳು. ವಕೀಲರು ಅವಳಿಗೆ ಹೇಳಿದರಂತೆ. ಕೆಡವಿದ ಮೇಲೆ ಕೈಕೊಟ್ಟು ಎಬ್ಬಿಸುವುದೂ ಅವರ ಅಭ್ಯಾಸ: “ಇನ್ಸ್‌ಪೆಕ್ಟರ್ ಬರೋ ಮಾತನ್ನ ತೆಗೆಸಿದ್ದೇ ನಾನು, ತಾಯಿ. ನಿಮ್ಮ ಅಕ್ಕನೇ ಒಪ್ಕೊಂಡಿದ್ರು. ಕೇಳ್ಕೊಂಡು ಬರಬಾರದಿತ್ತಾ?”

“ನಿನಗೆ ಗೊತ್ತಿತ್ತು” ಅಂದಳು.

“ನೀನು ಸರಿಯಾಗಿ ಕೇಳ್ಬೇಕಿತ್ತು.”

“ಕೇಳಿದೆ ಅಕ್ಕಾ. ಊಟಕ್ಕೆ ಕೂತಾಗ ಕೇಳಿದೆ.”

ನನಗೆ ಹೇಳಲು ಏನೂ ಉಳಿದಿರಲಿಲ್ಲ. ಅದಕ್ಕೇ ತುಂಬ ಹೇಳಿದೆ. ನಿನಗೆ ಎಲ್ಲವೂ ತಟ್ಟೆಗೇ ಬಂದು ಬೀಳುತ್ತದೆ ಅಂದೆ. ನನ್ನ ಆಯುಷ್ಯವೆಲ್ಲ ಹೋದದ್ದನ್ನು ನೀನು ಒಂದು ಬೆಳಗ್ಗೆ ಎತ್ತಿಕೊಂಡು ಹೋದೆ ಅಂದೆ. ಬೀದಿಯಲ್ಲಿ ಕೂಗಿ ಕೂಗಿ ನನ್ನ ಗಂಟಲು ಹೀಗಾಯಿತು, ನಿನ್ನದು ಹಾಗೇ ಉಳಿಯಲಿ ಅಂತ ಯಾರು ನೋಡಿಕೊಂಡರು ಅಂದೆ. ಗುಮಾಸ್ತರಿಬ್ಬರು ಕಡತ ಹಿಡಿದು ಬರುತ್ತಿದ್ದವರು ಬಂದ ದಾರಿಗೇ ತಿರುಗಿದರು.

ಅವಳು ಅಳುತ್ತಾಳೆ ಅಂದುಕೊಂಡಿದ್ದೆ. ಅಳಲಿಲ್ಲ. “ಚಿಲಕದ ಕಲಮು ಬಿಡಲ್ಲ ಅಂದ್ಯಂತೆ, ಅದರಲ್ಲಿ ಏನಿದೆ ಅಕ್ಕಾ?” ಅಂತ ಕೇಳಿದಳು. “ಬೇರೆ ಏನು ತೆಗೆದ್ರೂ ನೀನು ಇಷ್ಟು ಹಟ ಮಾಡ್ತಿರ್ಲಿಲ್ಲ.”

“ಏನೂ ಇಲ್ಲ” ಅಂದು ಬಂದುಬಿಟ್ಟೆ.

ಜೂನ್ ೧೯, ಬುಧವಾರ

ತಲೆನೋವು. ಸದನಕ್ಕೆ ಹೋಗಲಿಲ್ಲ.

ಜೂನ್ ೨೦, ಗುರುವಾರ

ಮಧ್ಯಾಹ್ನ ಬೇಗ ಮನೆಗೆ ಬಂದೆ. ಬಾಗಿಲಲ್ಲಿ ಅವಳ ಚಪ್ಪಲಿ. ಒಳಗೆ ಅಮ್ಮ ಮಂಚದ ಮೇಲೆ, ಇವಳು ನೆಲದ ಮೇಲೆ ಅಮ್ಮನ ಮಂಡಿಗೆ ತಲೆಯೊರಗಿಸಿ ಕೂತಿದ್ದಳು. ಇಬ್ಬರೂ ಮಾತು ನಿಲ್ಲಿಸಿದ ರೀತಿಯಲ್ಲೇ ಗೊತ್ತಾಯಿತು. ಅಮ್ಮ ಹೇಳಿಬಿಟ್ಟಿದ್ದಾಳೆ.

“ಯಾಕಮ್ಮಾ?” ಅಂದೆ.

“ಕೇಳಿದ್ಲು. ಹೇಳಿದೆ. ನಾನು ಸತ್ತ ಮೇಲೆ ಯಾರು ಹೇಳ್ತಾರೆ, ನೀನಂತೂ ಬಾಯಿ ಬಿಡಲ್ಲ.”

ಅಪ್ಪ ಹೋದಮೇಲೆ ಅಮ್ಮ ಒಂದು ದೊಡ್ಡ ಮನೆಯಲ್ಲಿ ಕೆಲಸಕ್ಕೆ ನಿಂತಿದ್ದಳು. ನಮ್ಮ ಮೂವರಿಗೂ ಅಡುಗೆಮನೆಯ ಹಿಂದಿನ ಸಣ್ಣ ಕೋಣೆ. ಆ ಬಾಗಿಲಿಗೆ ಚಿಲಕ ಇದ್ದದ್ದು ಹೊರಗಡೆ ಮಾತ್ರ. ನನಗೆ ಹದಿಮೂರು, ಅವಳಿಗೆ ಮೂರು. ಆ ಮನೆಯಲ್ಲಿ ಯಜಮಾನರ ನೆಂಟನೊಬ್ಬ ಇದ್ದ. ಅಮ್ಮ ಬಾಗಿಲಿಗೆ ಬೆನ್ನು ಕೊಟ್ಟು, ಕೂತೇ ನಿದ್ದೆ ಮಾಡುತ್ತಿದ್ದಳು. ಬಾಗಿಲು ಆ ಕಡೆಯಿಂದ ಅಲುಗಿದಾಗ ನಾನೂ ಹೋಗಿ ಅವಳ ಪಕ್ಕ ಬೆನ್ನು ಕೊಡುತ್ತಿದ್ದೆ. ಚಿಕ್ಕದು ಎದ್ದು ಅತ್ತರೆ ಮನೆಯವರಿಗೆಲ್ಲ ಎಚ್ಚರವಾಗಿ ನಮ್ಮನ್ನೇ ಹೊರಗೆ ಹಾಕುತ್ತಾರೆಂಬ ಹೆದರಿಕೆ. ಹಾಗಾಗಿ ಅದನ್ನು ತೊಡೆಯ ಮೇಲೆ ಹಾಕಿಕೊಂಡು ಕಿವಿಯಲ್ಲಿ ಕಥೆ ಹೇಳುತ್ತಿದ್ದೆ. ಇಷ್ಟೇ. ಇದನ್ನು ನಾನು ಯಾರಿಗೂ ಹೇಳಿಲ್ಲ. ಸಮಿತಿಯಲ್ಲೂ ಹೇಳಲಿಲ್ಲ, ಕಲಮು ಮಾತ್ರ ಬರೆದೆ.

“ನನಗೆ ಆ ಕಥೆಗಳಷ್ಟೇ ನೆನಪು” ಅಂದಳು ಅವಳು. “ಚೆನ್ನಾಗಿತ್ತು ಆ ಮನೆ ಅಂದ್ಕೊಂಡಿದ್ದೆ.”

ನಾನು ಒಳಗೆ ಹೋಗಿ ಪಾತ್ರೆ ತೊಳೆದೆ. ತೊಳೆದ ಪಾತ್ರೆಗಳನ್ನೇ.

ಈಗ ಅವಳು ಇದನ್ನು ಸದನದಲ್ಲಿ ಹೇಳುತ್ತಾಳೆ. ನನಗೆ ಗೊತ್ತು. ಉಸಿರು ಎಲ್ಲಿ ತೆಗೆದುಕೊಳ್ಳಬೇಕು, ಎಲ್ಲಿ ನಿಲ್ಲಬೇಕು ಅಂತ ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡು ಹೇಳುತ್ತಾಳೆ. ಗ್ಯಾಲರಿಯಲ್ಲಿ ಹೆಂಗಸರು ಅಳುತ್ತಾರೆ, ಸಭಾಪತಿಗಳು ಕನ್ನಡಕ ತೆಗೆಯುತ್ತಾರೆ, ಮಸೂದೆ ಪಾಸಾಗುತ್ತದೆ. ನಿದ್ದೆ ಮಾಡಿದವಳು ಅವಳು, ಬಾಗಿಲು ಹಿಡಿದವಳು ನಾನು. ಇನ್ನು ಆ ಬಾಗಿಲೂ ಅವಳದೇ ಆಗುತ್ತದೆ.

ಜೂನ್ ೨೨, ಶನಿವಾರ

ತಂಗಿ ಬೆಳಗ್ಗೆಯೇ ಬಂದಳು. ಕರೆದಿರಲಿಲ್ಲ. ಊಟದ ಮೇಜಿನ ಮೇಲೆ ಮಸೂದೆ ಹರವಿ, “ಕಲಿಸು” ಅಂದಳು.

“ಏನು ಕಲಿಸೋದು?”

“ಎಲ್ಲಾ. ವಕೀಲರು ಎಲ್ಲಿ ಎಲ್ಲಿ ಚುಚ್ತಾರೆ, ಎಲ್ಲಾ.”

ಇಲ್ಲ ಅನ್ನಬೇಕೆಂದೇ ಇದ್ದೆ. ಆದರೆ ಮೊದಲ ಪುಟದಲ್ಲೇ ಅವಳು ಎರಡನೇ ಕಲಮನ್ನು ಎಷ್ಟು ತಪ್ಪಾಗಿ ಅರ್ಥ ಮಾಡಿಕೊಂಡಿದ್ದಾಳೆಂದರೆ ಸುಮ್ಮನೆ ಕೂರಲು ಆಗಲಿಲ್ಲ. ನಾನು ವಕೀಲರಾದೆ. ಅಮ್ಮನ ಶಾಲನ್ನೇ ಕೋಟು ಮಾಡಿಕೊಂಡು ಎಳೆದು ಸರಿಮಾಡಿಕೊಂಡೆ, “ಸದಸ್ಯೆಯವರ ಧ್ವನಿ ಮೊಮ್ಮಕ್ಕಳಿಗೆಲ್ಲ ಪರಿಚಯ” ಅಂದೆ. ಅವಳು ನಕ್ಕು ನಕ್ಕು ನೀರು ಚೆಲ್ಲಿದಳು. ಆಮೇಲೆ ನಗಲು ಬಿಡಲಿಲ್ಲ. ಒಂದು ಪ್ರಶ್ನೆಗೆ ತಡವರಿಸಿದರೆ ಇನ್ನೊಂದು ಹಾಕಿದೆ. ಅವಳಿಗೆ ಸಿಟ್ಟು ಬಂತು, ದನಿ ಏರಿತು. “ಹಾಂ, ಹಾಗೇ” ಅಂದೆ, “ಗಲಾಟೆಯಲ್ಲಿ ಆ ದನಿ ಬೇಕು. ಹೊಟ್ಟೆಯಿಂದ ತೆಗಿ, ಗಂಟಲಿಂದ ಅಲ್ಲ. ಗಂಟಲಿಂದ ತೆಗೆದ್ರೆ ನನ್ನ ಹಾಗಾಗ್ತೀಯ.” ಮಧ್ಯಾಹ್ನದ ಊಟ ಮರೆತೇ ಹೋಯಿತು. ಅಮ್ಮ ಇಬ್ಬರಿಗೂ ಬೈದು ತಟ್ಟೆ ತಂದಿಟ್ಟಳು.

ಹುಡುಗಿ ಚುರುಕಾಗಿದ್ದಾಳೆ. ಒಂದು ಸಲ ಹೇಳಿದರೆ ಹಿಡಿದುಕೊಳ್ಳುತ್ತಾಳೆ. ಸಂಜೆಯ ಹೊತ್ತಿಗೆ ನನ್ನನ್ನೇ ಎರಡು ಕಡೆ ಸಿಕ್ಕಿಸಿದಳು. ಸಮಿತಿಯಲ್ಲಿ ಇಂಥವಳೊಬ್ಬಳು ನನ್ನ ಪಕ್ಕ ಇದ್ದಿದ್ದರೆ ಆ ವಕೀಲರನ್ನು ಆಗಲೇ ಮಣಿಸುತ್ತಿದ್ದೆ.

ಚಿಲಕದ ಕಲಮು ಬಂದಾಗ ಅವಳು ಪೆನ್ಸಿಲು ಕೆಳಗಿಟ್ಟಳು. “ಇದಕ್ಕೆ ಏನು ಹೇಳಲಿ?” ಅಂದಳು.

“ನಿನಗೆ ಅಮ್ಮ ಹೇಳಿದ್ದಾಳಲ್ಲ. ಅದನ್ನೇ ಹೇಳು. ಚೆನ್ನಾಗಿ ಹೇಳ್ತೀಯ.”

ನನ್ನ ಮಾತಿನಲ್ಲಿ ಸ್ವಲ್ಪ ಖಾರ ಇತ್ತು. ಅವಳು ನನ್ನ ಮುಖವನ್ನೇ ನೋಡಿದಳು, ಆಮೇಲೆ ಪುಟ ಮಗುಚಿದಳು.

ಜೂನ್ ೨೫, ಮಂಗಳವಾರ

ಗ್ಯಾಲರಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಗಡಿಯಾರ ಬೆಳಗ್ಗೆಯೇ ನಮ್ಮವರಿಗೆಲ್ಲ ಹೇಳಿಬಿಟ್ಟಿದ್ದರು: ಚಿಲಕದ ವಿಷಯ ಬಂದಾಗ ಯಾರೂ ಬಾಯಿ ಹಾಕಬಾರದು, ಆ ಕಲಮು ಹೋದರೆ ಹೋಗಲಿ ಬಿಡಿ.

ಚಿಕ್ಕಂದಿನಲ್ಲಿ ತಂಗಿಯನ್ನು ಪುಟ್ಟಿ ಅನ್ನುತ್ತಿದ್ದೆ. ಪುಟ್ಟಿ ಶುರುಮಾಡಿದ್ದೇ ಇನ್ಸ್‌ಪೆಕ್ಟರಿನಿಂದ. “ಹೋದ ಸಲ ನಾನು ತಪ್ಪು ಹೇಳಿದೆ. ಇನ್ಸ್‌ಪೆಕ್ಟರು ಯಾರ ಮನೆಗೂ ಬರುವುದಿಲ್ಲ. ಬರಬಹುದು ಎಂಬ ಮಾತನ್ನು ತೆಗೆಸಿದವರು ಸಾಕ್ಷಾತ್ ವಕೀಲರೇ. ತಾವೇ ಮುಚ್ಚಿಸಿದ ಬಾಗಿಲು ತೆರೆದಿದೆಯೇ ಎಂದು ಅವರು ಯಾಕೆ ಕೇಳಿದರೋ ನನಗೆ ಗೊತ್ತಿಲ್ಲ.” ಎರಡೂ ಕಡೆ ನಗು. ವಕೀಲರೂ ತಲೆಬಾಗಿಸಿ ಒಪ್ಪಿಕೊಂಡರು. ಕೂಗಾಟ ಎದ್ದಾಗ ದನಿ ಏರಿಸಿದಳು, ಹೊಟ್ಟೆಯಿಂದ. ನಾನು ಮೇಜಿನ ಕೆಳಗೆ ಮುಷ್ಟಿ ಬಿಗಿಹಿಡಿದು ಕೂತಿದ್ದೆ, ನನ್ನ ಪ್ರಶ್ನೆಗಳು ಒಂದೊಂದಾಗಿ ಬರುತ್ತಿದ್ದವು, ಅವಳು ಒಂದೊಂದನ್ನೂ ಹೊಡೆಯುತ್ತಿದ್ದಳು. ಒಂದು ಕಡೆ ಮಾತ್ರ ವಾಕ್ಯ ಉದ್ದ ಮಾಡಿದಳು. ಆಮೇಲೆ ಹೇಳಬೇಕು.

ಕೊನೆಗೆ ವಕೀಲರು ತಿದ್ದುಪಡಿ ಎತ್ತಿಕೊಂಡರು.

“ಸಭಾಪತಿಗಳೇ, ಈ ದೇಶದ ಸಂಸತ್ತು ಈಗ ಬಡಗಿ ಕೆಲಸಕ್ಕೂ ಇಳಿದಿದೆ. ಕೋಣೆಗೆ ಚಿಲಕವಂತೆ, ಅದೂ ಒಳಗಡೆಯಂತೆ. ಎಷ್ಟು ಉದ್ದದ ಚಿಲಕ, ಎಷ್ಟು ಮೊಳೆ, ಅದನ್ನೂ ಕಾನೂನಿನಲ್ಲಿ ಬರೆಯೋಣವೇ?”

ಎಲ್ಲರೂ ನಕ್ಕರು. ನಮ್ಮ ಕಡೆಯವರೂ ನಕ್ಕರು. ಗಡಿಯಾರ ಮಣಿಕಟ್ಟು ನೋಡಿಕೊಂಡರು.

ಈಗ ಹೇಳುತ್ತಾಳೆ ಅಂದುಕೊಂಡೆ. ಎಲ್ಲಿಯಾದರೂ ಎದ್ದು ಹೋಗಿಬಿಡಬೇಕು ಅನ್ನಿಸಿತು. ಅವಳು ನಗು ತಣ್ಣಗಾಗುವ ತನಕ ನಿಂತಿದ್ದಳು.

“ಈ ಪ್ರಶ್ನೆಗೆ ನಾನು ಉತ್ತರ ಕೊಡುವುದು ಸರಿಯಲ್ಲ” ಅಂದಳು. “ನನಗೆ ಅದು ಕೇಳಿ ಗೊತ್ತು. ಕಂಡು ಗೊತ್ತಿರುವವರು ನನ್ನ ಹಿಂದೆ ಕೂತಿದ್ದಾರೆ. ಉಳಿದ ನನ್ನ ಸಮಯವನ್ನು ಅವರಿಗೆ ಬಿಟ್ಟುಕೊಡುತ್ತೇನೆ.”

ಕೂತುಬಿಟ್ಟಳು. ತಿರುಗಿಯೂ ನೋಡಲಿಲ್ಲ.

ಸಭಾಪತಿಗಳು ನನ್ನನ್ನು ನೋಡಿದರು. ಗಡಿಯಾರ ತಲೆ ಅಲ್ಲಾಡಿಸುತ್ತಿದ್ದರು, ಬೇಡ, ಬೇಡ. ನನ್ನ ಮೈಕಿನ ಕೆಂಪು ದೀಪ ಹತ್ತಿಕೊಂಡಿತು. ಎದ್ದೆ.

ಏನು ಹೇಳಿದೆ ಎಂಬುದು ಪೂರ್ತಿ ನೆನಪಿಲ್ಲ. ಒಂದು ಬೆರಳುದ್ದದ ಚಿಲಕ ಸಾಕು ಅಂದೆ. ಆ ಬೆರಳುದ್ದ ಇರಲಿಲ್ಲವೆಂದು ನನ್ನ ತಾಯಿ ಎರಡು ವರ್ಷ ಕೂತು ನಿದ್ದೆ ಮಾಡಿದಳು ಅಂದೆ. ಬಾಗಿಲು ಅಲುಗುವುದು ಬೆನ್ನಿಗೆ ಹೇಗೆ ಗೊತ್ತಾಗುತ್ತದೆ ಎಂದು ಹೇಳಿದೆ. ಆ ಮನೆಯವರು ಒಳ್ಳೆಯವರೇ, ಹಬ್ಬ ಹುಣ್ಣಿಮೆಗೆ ಬಟ್ಟೆ ಕೊಡುತ್ತಿದ್ದರು, ಚಿಲಕ ಕೊಡಬೇಕೆಂದು ಮಾತ್ರ ಯಾರಿಗೂ ಹೊಳೆಯಲಿಲ್ಲ ಅಂದೆ. ಹೊಳೆಯದವರಿಗೆ ಹೊಳೆಯಲಿ ಅಂತಲೇ ಕಾನೂನು. ಗಂಟಲು ನಡುವೆ ಎರಡು ಸಲ ಗೊರಗುಟ್ಟಿತು. ಕೆಮ್ಮಿ ಮುಂದುವರಿಸಿದೆ. ಜಗಳಕ್ಕೆ ಬಂದವಳ ಹಾಗೆಯೇ ಕೇಳಿಸಿರಬೇಕು. ಕೂತಾಗ ಯಾರೂ ಮೇಜು ಕುಟ್ಟಲಿಲ್ಲ. ಗ್ಯಾಲರಿಯಲ್ಲೂ ಸದ್ದಿಲ್ಲ. ಕೆಟ್ಟಿತು ಅಂದುಕೊಂಡೆ.

ವಕೀಲರು ಕೂತಲ್ಲೇ ಕನ್ನಡಕ ಮಡಚಿದರು. ಎದ್ದು, “ನನ್ನ ತಿದ್ದುಪಡಿಗೆ ನಾನು ಒತ್ತಾಯಿಸುವುದಿಲ್ಲ” ಎಂದಷ್ಟೇ ಹೇಳಿದರು. ಮಸೂದೆಗೆ ಮಾತ್ರ ವಿರುದ್ಧವಾಗಿಯೇ ಮತ ಹಾಕಿದರು, ಪಕ್ಷದ ಆಜ್ಞೆ. ಆದರೂ ಎಂಟು ಮತಗಳಿಂದ ದಾಟಿತು. ನಡು ಸಾಲಿನವರು ಬಹುಪಾಲು ನಮ್ಮ ಕಡೆ ಬಂದರು.

ಸದನ ಮುಗಿದಮೇಲೆ ಪುಟ್ಟಿ ನನ್ನ ಕೈಗೆ ತನ್ನ ಬಿಸಿನೀರಿನ ಲೋಟ ಕೊಟ್ಟಳು. ಕುಡಿದೆ.

“ನೀನೇ ಹೇಳ್ಬಹುದಿತ್ತು” ಅಂದೆ. “ಇನ್ನೂ ಹತ್ತು ಮತ ಜಾಸ್ತಿ ಬರ್ತಿತ್ತು.”

“ಬರ್ತಿತ್ತು” ಅಂದಳು. “ಬೇಡ ಅನ್ನಿಸ್ತು.”

ಜೂನ್ ೨೬, ಬುಧವಾರ

ಪತ್ರಿಕೆ: ‘ರೇಡಿಯೊ ಅಕ್ಕನ ಮಸೂದೆಗೆ ಜಯ’. ಮುಖಪುಟದಲ್ಲಿ ಪುಟ್ಟಿಯ ಫೋಟೊ. ಹಿಂದೆ ಮಸುಕಾಗಿ ಅರ್ಧ ಹೆಗಲು ಕಾಣಿಸುತ್ತದೆ, ಅದು ನನ್ನದು. ಒಳಪುಟದಲ್ಲಿ ‘ಇನ್ನೊಬ್ಬ ಸದಸ್ಯೆ ಕೂಡ ಮಾತನಾಡಿದರು’ ಅಂತಿದೆ.

ಹೊಟ್ಟೆ ಉರಿಯಿತು. ಇಲ್ಲವೆನ್ನಲಾರೆ. ಚಹಾ ಕುಡಿದೆ, ಇನ್ನೂ ಸ್ವಲ್ಪ ಉರಿಯಿತು. ಆಮೇಲೆ ಸಂಘದ ಹೆಂಗಸರು ಬಂದರು, ಕೋಣೆ ತುಂಬ ಕೂತರು, ಒಬ್ಬಳು ತನ್ನ ಯಜಮಾನತಿ ನಿನ್ನೆಯೇ ಬಡಗಿಯನ್ನು ಕರೆಸಿದ್ದಾಗಿ ಹೇಳಿದಳು. ಅವರೆಲ್ಲ ಹೋಗುವ ಹೊತ್ತಿಗೆ ಪತ್ರಿಕೆ ಎಲ್ಲಿಟ್ಟೆನೋ ಸಿಗಲಿಲ್ಲ.

ಫೋಟೊದಲ್ಲಿ ಅವಳ ಕಣ್ಣಿನ ಕೆಳಗೆ ಕಪ್ಪಾಗಿದೆ. ಊಟ ನಿದ್ದೆ ಸರಿಯಿಲ್ಲ. ಒಬ್ಬಳೇ ಇರುತ್ತಾಳೆ, ಯಾರು ಕೇಳುವವರು. ಸಂಜೆ ಫೋನ್ ಮಾಡಿ ಇಲ್ಲಿಗೇ ಊಟಕ್ಕೆ ಬಾ ಅಂದೆ. ದಿನಾ ಬಾ ಅಂದೆ. ಆ ಉದ್ದದ ವಾಕ್ಯದ ಬಗ್ಗೆಯೂ ಹೇಳಿದೆ.

ಜುಲೈ ೨, ಮಂಗಳವಾರ

ಅಧಿವೇಶನದ ಕೊನೆಯ ದಿನ. ಮಸೂದೆ ಕೆಳಮನೆಯಲ್ಲೂ ದಾಟಿದೆ ಎಂದು ಸಭಾಪತಿಗಳು ಓದಿ ಹೇಳಿದರು.

ಚಹಾದ ಕೋಣೆಯಲ್ಲಿ ವಕೀಲರು ನನ್ನ ಪಕ್ಕದ ಕುರ್ಚಿ ಎಳೆದುಕೊಂಡು ಕೂತರು. ಈಚೆಗೆ ಅವರು ನನ್ನನ್ನು ಅಕ್ಕನ ಅಕ್ಕ ಅನ್ನುವುದಿಲ್ಲ. ಸ್ವಲ್ಪ ಹೊತ್ತು ಅದು ಇದು ಮಾತಾಡಿ, ದನಿ ತಗ್ಗಿಸಿದರು.

“ನಿಮ್ಮ ತಂಗಿ ಮಾತು ಚೆನ್ನಾಗಿದೆ. ಆದ್ರೆ ಒಳಗೆ ಏನೂ ಇಲ್ಲ ನೋಡಿ. ಕಾನೂನು ಗೊತ್ತಿಲ್ಲ. ಆವತ್ತು ಗೆದ್ದದ್ದು ನೀವು, ಅದು ನಿಮಗೂ ಗೊತ್ತು ನನಗೂ ಗೊತ್ತು.”

“ಬಂದು ಒಂದು ತಿಂಗಳಾಗಿದೆ ಅವಳಿಗೆ” ಅಂದೆ. “ನೀವು ಬಂದ ಮೊದಲ ವರ್ಷ ತಪ್ಪು ಮಸೂದೆಯ ಮೇಲೆ ಅರ್ಧ ಗಂಟೆ ಮಾತಾಡಿದ್ರಂತಲ್ಲ, ನಮ್ಮ ಹಿರಿಯರು ಇವತ್ತಿಗೂ ಹೇಳ್ಕೊಂಡು ನಗ್ತಾರೆ. ಅವಳು ಹಾಗೇನೂ ಮಾಡಿಲ್ಲ.”

ಅವರು ಬಿಸ್ಕತ್ತು ಚಹಾದಲ್ಲಿ ಅದ್ದಿದರು, ಅದು ಮುರಿದು ಒಳಗೇ ಬಿತ್ತು. ನಾನು ಎದ್ದು ಬಂದೆ.

ಸದನದಲ್ಲಿ ನನ್ನ ಜಾಗಕ್ಕೆ ಬಂದು ಕೂತಾಗ ಪುಟ್ಟಿ ಹಿಂದಕ್ಕೆ ತಿರುಗಿದಳು. ಬಾಗಿಲಿನ ಗಾಜಿನಿಂದ ನಮ್ಮಿಬ್ಬರನ್ನೂ ನೋಡಿದ್ದಳಂತೆ.

“ನನ್ನ ಬಗ್ಗೆ ಏನೋ ಹೇಳ್ತಿದ್ರು ಅಲ್ವಾ ಅವ್ರು? ಏನಂದ್ರು?”

“ಹೊಗಳಿದ್ರು” ಅಂದೆ. “ಕಾನೂನು ಚೆನ್ನಾಗಿ ಹಿಡಿದಿದ್ದಾಳೆ ಅಂದ್ರು.”

ಮುಖ ಅರಳಿಸಿಕೊಂಡು ಮುಂದೆ ತಿರುಗಿದಳು. ಯಾರು ಏನು ಹೇಳಿದರೂ ಎಷ್ಟು ಬೇಗ ನಂಬಿಬಿಡುತ್ತಾಳೆ. ಮುಂದಿನ ಅಧಿವೇಶನದೊಳಗೆ ಅದೊಂದನ್ನು ತಿದ್ದಬೇಕು.